ಮಂಡಿಗಾಯ ಮತ್ತು ಬರೆದ ಮಾತು

ಪುಟ್ಟೀ,

ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರಿದೆಯಂತೆ, ಬಹಳ ಸಂತೋಷ. ತರಬೇತಿಯಲ್ಲಿ ಮಂಡಿಯ ಗಾಯದ ಕೋಡುಗಳೇ ತಲೆ ತಿರುಗಿಸುತ್ತಿವೆ ಎಂದು ನೀನು ಫೋನಿನಲ್ಲಿ ಹೇಳಿದ್ದು ಮನಸ್ಸಿನಲ್ಲೇ ಉಳಿಯಿತು. ಘಟ್ಟದ ಮೇಲಿನ ನಮ್ಮ ಹುಲಿಕಲ್ಲಿನಲ್ಲಿ ಬೆಳೆದ ನಿನಗೆ ಮಂಡಿಗಾಯ ಹೊಸದಲ್ಲ. ಮಳೆ ಹಿಡಿದರೆ ಜಂಬಿಟ್ಟಿಗೆ ಮೆಟ್ಟಿಲಿಗೆಲ್ಲ ಪಾಚಿ, ತೋಟದ ಕಾಲುಸಂಕ ಜಾರು, ಘಾಟಿಯ ತಿರುವಿನಲ್ಲಿ ಬೈಕು ಅಡ್ಡ. ನಿನ್ನ ಎಡ ಮಂಡಿಯ ಕಲೆಯೂ ಹಾಗೆ ಬಂದದ್ದೇ.

ನಾನು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ಅಂಥ ಮಂಡಿಗಳನ್ನು ತೊಳೆದು ಪಟ್ಟಿ ಕಟ್ಟಿದವಳು. ನಿನಗೆ ಗಾಯ ಕಾಣುವುದಿಲ್ಲ, ಅದರ ಬಗ್ಗೆ ಯಾರೋ ಬರೆದದ್ದು ಮಾತ್ರ ಕಾಣುತ್ತದೆ. ಅದಕ್ಕೇ ಒಂದು ಮಾತು ಹೇಳುತ್ತೇನೆ: ಬರೆದಿರುವಷ್ಟಕ್ಕೇ ಕೋಡ್ ಹಾಕು. ಬರೆಯದೆ ಬಿಟ್ಟದ್ದನ್ನು ಕೇಳಿ ತಿಳಿದುಕೋ, ಊಹಿಸಿ ತುಂಬಬೇಡ.

ತರಚಿತು, ಹರಿಯಿತು, ಚುಚ್ಚಿತು, ಕಚ್ಚಿತು, ಒಳಪೆಟ್ಟಾಗಿ ನೀಲಿಗಟ್ಟಿತು ಎಂದು ನಮ್ಮೂರಿನವರು ಒಂದೊಂದು ಗಾಯಕ್ಕೂ ಒಂದೊಂದು ಮಾತು ಇಟ್ಟಿದ್ದಾರೆ. ನಿನ್ನ ಕೋಡ್ ಪುಸ್ತಕದ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. ನೀನು ಕಲಿಯುತ್ತಿರುವ, ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗ, ಗಾಯಗಳ ಕೋಡ್ ಪಟ್ಟಿಯಲ್ಲಿ ತರಚುಗಾಯ, ಒಳಪೆಟ್ಟುಗಳು ಎಸ್80ರಲ್ಲಿವೆ. ಚರ್ಮ ತೆರೆದುಕೊಂಡ ಮಂಡಿಗಾಯಗಳು ಎಸ್81.0ರಲ್ಲಿ. ಅಲ್ಲಿ ಐದನೆಯ ಸ್ಥಾನ ಗಾಯದ ಬಗೆಯನ್ನು ಹೇಳುತ್ತದೆ: 1 ಹರಿದದ್ದು, 2 ಹರಿದು ಒಳಗೆ ಕಲ್ಲೋ ಗಾಜೋ ಉಳಿದದ್ದು, 3 ಚುಚ್ಚಿದ್ದು, 4 ಚುಚ್ಚಿ ಒಳಗೆ ಏನೋ ಉಳಿದದ್ದು, 5 ಕಚ್ಚಿದ್ದು. ಆರನೆಯ ಸ್ಥಾನದಲ್ಲಿ ಬಲಕ್ಕೆ 1, ಎಡಕ್ಕೆ 2. ಬಲ ಮಂಡಿ ಹರಿದು, ಒಳಗೇನೂ ಸೇರದೆ, ಹೊಲಿಗೆಗೆಂದು ಬಂದವನಿಗೆ ಎಸ್81.011ಎ. ಅದೇ ಗಾಯದ ಸುತ್ತ ಚರ್ಮ ತರಚಿದ್ದರೆ ಅದಕ್ಕೆ ಬೇರೆ ಕೋಡ್ ಬೇಡ. ಮಂಡಿಚಿಪ್ಪು ಮುರಿದು ಗಾಯದ ಬಾಯಿಗೆ ತೆರೆದುಕೊಂಡಿದ್ದರೆ ಎಸ್81 ಬಿಟ್ಟು ಎಸ್82.0ಕ್ಕೆ ಹೋಗಬೇಕು.

ಕೊನೆಯ ಅಕ್ಷರದಲ್ಲಿ ಹೊಸಬರು ಬಹಳ ಮಂದಿ ಎಡವುತ್ತಾರೆ. ‘ಎ’ ಅಂದರೆ ಮೊದಲ ಭೇಟಿ ಎಂದು ತಿಳಿಯಬೇಡ. ಗಾಯಕ್ಕೆ ನೇರ ಚಿಕಿತ್ಸೆ ನಡೆಯುತ್ತಿರುವವರೆಗೂ, ವೈದ್ಯರು ಬದಲಾದರೂ ‘ಎ’ಯೇ. ಗಾಯ ಮಾಯುತ್ತಿರುವಾಗ ನೋಡಲು ಬಂದರೆ, ಹೊಲಿಗೆ ಬಿಚ್ಚಿಸಲು ಬಂದರೆ ‘ಡಿ’. ಎಲ್ಲ ಮಾಯ್ದು, ಉಳಿದ ಕಲೆಯ ತೊಂದರೆಗೆ ಬಂದರೆ ಮೊದಲು ಕಲೆಯ ಕೋಡ್, ಅದರ ಹಿಂದೆ ‘ಎಸ್’ ಹಚ್ಚಿದ ಗಾಯದ ಕೋಡ್.

ಗಾಯಕ್ಕೊಂದು ಕೋಡ್ ಇರುವಂತೆ ಮಾಡಿದ ಚಿಕಿತ್ಸೆಗೂ ಸಿಪಿಟಿ ಎಂಬ ಬೇರೆ ಕೋಡ್ ಇದೆ. ಹೊಲಿಗೆಯ ಸಿಪಿಟಿ ಕೋಡಿಗೆ ಗಾಯದ ಉದ್ದ ಬೇಕು, ಎಷ್ಟು ಹೊಲಿಗೆ ಬಿತ್ತು ಎಂಬ ಲೆಕ್ಕವಲ್ಲ. ಮಂಡಿಯ ಸರಳ ಹೊಲಿಗೆ 2.5 ಸೆಂಟಿಮೀಟರ್‌ವರೆಗೆ 12001, 2.6ರಿಂದ 7.5ರವರೆಗೆ 12002. ಒಳಪದರವನ್ನೂ ಸೇರಿಸಿ ಹೊಲಿದಿದ್ದರೆ 12031, 12032. ‘ಆರು ಹೊಲಿಗೆ ಹಾಕಿದೆ’ ಎಂದಷ್ಟೇ ಬರೆದಿದ್ದರೆ ಉದ್ದವನ್ನು ಅಂದಾಜು ಮಾಡಬೇಡ, ವೈದ್ಯರನ್ನು ಕೇಳು. ಕೇಳುವಾಗಲೂ ‘ಮೂರು ಸೆಂಟಿಮೀಟರ್ ಅಲ್ಲವೇ’ ಎಂದು ಉತ್ತರವನ್ನು ಬಾಯಿಗಿಡಬಾರದು. ‘ಉದ್ದ ಎಷ್ಟು’ ಎಂದರೆ ಸಾಕು.

ಬರೆಯುವ ಒಂದೊಂದು ಪದದ ಬೆಲೆ ನನಗೆ ತಿಳಿದದ್ದು ಒಬ್ಬ ಹಿರಿಯ ವೈದ್ಯರಿಂದ. ಒಂದು ಮಳೆಗಾಲದ ಸಂಜೆ ತೋಟದ ಕೆಲಸದ ಹುಡುಗನೊಬ್ಬ ಬಂದ. ಮಂಡಿಯ ಮೇಲೆ ನೇರವಾದ ಗಾಯ, ಕತ್ತಿಯಲ್ಲಿ ಕಡಿದ ಹಾಗೆ. ಮೆಟ್ಟಿಲಲ್ಲಿ ಜಾರಿದೆ ಎಂದ. ಕರೆತಂದವರು, ಬೇಲಿ ಜಗಳದಲ್ಲಿ ಕತ್ತಿ ಬೀಸಿದರು ಎಂದರು. ವೈದ್ಯರು ದೀಪ ಹತ್ತಿರ ತರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅಂಚು ಸಣ್ಣಗೆ ಜಜ್ಜಿತ್ತು, ಗಾಯದ ಆಳದಲ್ಲಿ ನಾರಿನಂಥ ಎಳೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ತುಂಡಾಗದೆ ಉಳಿದಿದ್ದವು. ಮಡಿಸಿದ ಮಂಡಿ ಕಲ್ಲಿಗೆ ಬಡಿದರೆ ಎಲುಬಿನ ಮೇಲೆ ಬಿಗಿದ ಚರ್ಮ ಹೀಗೆ ನೇರವಾಗಿ ಸೀಳುತ್ತದೆ ಎಂದು ವಿವರಿಸಿ, ‘ಹರಿದ ಗಾಯ’ ಎಂದು ಬರೆದರು. ನಿನ್ನ ಪುಸ್ತಕದಲ್ಲಿ ಕಡಿದದ್ದಕ್ಕೂ ಹರಿದದ್ದಕ್ಕೂ ಒಂದೇ ಕೋಡ್. ಪೊಲೀಸರ ಕೈಗೆ ಹೋಗುವ ಗಾಯದ ಪ್ರಮಾಣಪತ್ರದಲ್ಲಿ ಮಾತ್ರ ಆ ಒಂದು ಪದದ ಮೇಲೆ ಒಬ್ಬ ಮನುಷ್ಯನ ಬಾಳು ನಿಂತಿರುತ್ತದೆ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಘಾಟಿಯಲ್ಲಿ ಬೈಕಿನಿಂದ ಬಿದ್ದವನೊಬ್ಬನ ಚೀಟಿಯಲ್ಲಿ ‘ಮಂಡಿ ಗಾಯ, ಪಟ್ಟಿ ಕಟ್ಟಿದೆ’ ಎಂದಷ್ಟೇ ಬರೆದಿದ್ದೆ. ವಿಮೆಯ ವಿಚಾರಣೆಯಲ್ಲಿ ಯಾವ ಮಂಡಿ ಎಂದು ಕೇಳಿದರು. ಕಾಗದದಲ್ಲಿ ಉತ್ತರವಿರಲಿಲ್ಲ, ಆ ಬಡವ ತಿಂಗಳುಗಟ್ಟಲೆ ಅಲೆದ. ನಮ್ಮ ದೇಶದಲ್ಲಿ ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಎಸ್81.0 ಅಂದರೆ ಮಂಡಿಯ ತೆರೆದ ಗಾಯ, ಅಷ್ಟೇ. ಎಡ, ಬಲ ಕೋಡಿನಲ್ಲಿ ಇಲ್ಲ. ಕೈಬರಹದಲ್ಲೂ ಬಿಟ್ಟರೆ ಅದು ಎಲ್ಲಿಯೂ ಉಳಿಯುವುದಿಲ್ಲ. ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಕಾಪಾಡಿದ ಕಾಗದದಲ್ಲಿ ವಿಷಯವೇ ಇಲ್ಲದಿದ್ದರೆ ಕೊಟ್ಟೇನು ಫಲ?

ನಮ್ಮ ಕಡೆ ಏನನ್ನೂ ಬಿಡದೆ ಬರೆಯುವುದು ಇನ್ನೂ ಮುಖ್ಯ. ಹುಲಿಕಲ್ಲಿನಲ್ಲಿ ಪೆಟ್ಟಾದವರು ಒಂದೋ ಹೊಸನಗರಕ್ಕೆ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಕುಂದಾಪುರ, ಮಣಿಪಾಲಕ್ಕೆ. ಪಟ್ಟಿಯ ಕೆಳಗೆ ಏನಿದೆ ಎಂದು ಅಲ್ಲಿಯವರಿಗೆ ಹೇಳುವುದು ಜೊತೆಗೆ ಹೋದ ಚೀಟಿ. ಯಾವ ಕಾಲು, ಎಷ್ಟು ಉದ್ದ, ಎಷ್ಟು ಆಳ, ಕೀಲಿನೊಳಗೆ ಹೋಗಿದೆಯೋ ಇಲ್ಲವೋ, ಒಳಗೆ ಮಣ್ಣು ಕಲ್ಲು ಇತ್ತೋ, ಹೇಗೆ ಬಿದ್ದ, ಎಷ್ಟು ಹೊತ್ತಿಗೆ, ಧನುರ್ವಾಯುವಿನ ಚುಚ್ಚುಮದ್ದು ಆಯಿತೋ. ಇಷ್ಟು ಬರೆಯಲು ಎರಡು ನಿಮಿಷ ಸಾಕು. ನರ್ಸಿಂಗ್ ಮಾಡುತ್ತಿರುವ ನಿನ್ನ ಗೆಳತಿಯರಿಗೂ ಇದನ್ನು ಹೇಳು.

ನಿನ್ನ ಎಡ ಮಂಡಿಯಿಂದ ಜಂಬಿಟ್ಟಿಗೆಯ ಚೂರು ತೆಗೆದವಳು ನಾನೇ. ಅದನ್ನು ಎಲ್ಲೂ ಬರೆದಿಟ್ಟಿಲ್ಲ, ಆದರೂ ನಾನಿದ್ದೇನೆ, ಯಾರು ಕೇಳಿದರೂ ಹೇಳುತ್ತೇನೆ. ನಿನ್ನ ಪರದೆಯ ಮೇಲೆ ಬರುವವರಿಗೆ ಹಾಗೆ ಹೇಳಲು ದೊಡ್ಡಮ್ಮ ಇಲ್ಲ, ಬರೆದ ಕಾಗದವಷ್ಟೇ ಇದೆ. ಅದನ್ನು ನಿಧಾನವಾಗಿ ಓದು ಮಗಳೇ.

ನಿನ್ನ ದೊಡ್ಡಮ್ಮ