ತೇವ, ಲೋಹ, ಸಿಲಿಕಾನ್: ನವುಲೆಯಿಂದ ಲ್ಯಾಬಿಗೆ ಹೊರಟವರಿಗೆ ಒಂಬತ್ತು ಸೂತ್ರ

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದರೆ ಸಿಗುವ ನವುಲೆಯಲ್ಲಿ ಎಂಜಿನಿಯರಿಂಗ್ ಕಾಲೇಜೂ ಇದೆ, ಕೃಷಿ ಕಾಲೇಜೂ ಇದೆ. ಊರೊಳಗೆ ಸಹ್ಯಾದ್ರಿ ವಿಜ್ಞಾನ ಕಾಲೇಜು. ಭದ್ರಾವತಿ ದಾಟಿದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಇಲ್ಲೆಲ್ಲೋ ರಸಾಯನಶಾಸ್ತ್ರ ಓದಿ ಪಿಎಚ್‌ಡಿಗೆಂದು ಸಿಲಿಕಾನ್ ಮತ್ತು ಲೋಹಸಂಕೀರ್ಣಗಳ ವಿಷಯ ಹಿಡಿದವರಿಗೆ ಈ ಮಾತು. ಇಂಗಾಲಕ್ಕೆ ಸಿಲಿಕಾನ್ ಬೆಸೆಯಬೇಕು, ಆ ಬೆಸುಗೆಗೆ ಪ್ಲಾಟಿನಂ, ರೋಡಿಯಂ, ಪಲ್ಲೇಡಿಯಂನಂಥ ಸಂಕ್ರಮಣ ಲೋಹಗಳನ್ನು ದುಡಿಸಬೇಕು, ಕೆಲಸ ಇಷ್ಟೇ. ಕೆಡುವ ದಾರಿಗಳು ಮಾತ್ರ ಬಹಳ. ಅವುಗಳಲ್ಲಿ ಹೆಚ್ಚಿನವು ನೀರಿನಿಂದಲೇ ಶುರುವಾಗುತ್ತವೆ. ಮಲೆನಾಡಿನವರಿಗೆ ಇದನ್ನು ಬೇರೆ ಹೇಳಬೇಕೆ?

1. ಬಂಧಗಳ ಬಲ ಬಾಯಿಪಾಠವಾಗಲಿ

ಇಂಗಾಲ–ಇಂಗಾಲ ಬಂಧ ಮುರಿಯಲು ಮೋಲಿಗೆ ಸುಮಾರು 350 ಕಿಲೋಜೂಲ್ ಬೇಕು. ಸಿಲಿಕಾನ್–ಸಿಲಿಕಾನ್ ಬಂಧಕ್ಕೆ 220 ಸಾಕು. ಸಿಲಿಕಾನ್–ಇಂಗಾಲಕ್ಕೆ 320ರ ಆಸುಪಾಸು. ಸಿಲಿಕಾನ್–ಆಮ್ಲಜನಕಕ್ಕೆ ಬಂದರೆ 450, ಸಿಲಿಕಾನ್–ಫ್ಲೋರಿನ್‌ಗೆ 565. ಈ ಐದು ಅಂಕಿಗಳಲ್ಲಿ ನಿಮ್ಮ ಪ್ರಬಂಧದ ಅರ್ಧ ಕಥೆ ಇದೆ. ಸಿಲಿಕಾನ್ ಅವಕಾಶ ಸಿಕ್ಕಾಗಲೆಲ್ಲ ಆಮ್ಲಜನಕದ ಕಡೆಗೇ ವಾಲುತ್ತದೆ. ಫ್ಲೋರೈಡ್ ಕಂಡರೆ ಅದನ್ನೂ ಬಿಟ್ಟು ಹೋಗುತ್ತದೆ. ಸಿಲಿಲ್ ರಕ್ಷಣೆಯನ್ನು ಫ್ಲೋರೈಡ್ ಹಾಕಿ ಕಳಚುವುದು ಇದೇ ಕಾರಣಕ್ಕೆ. ಜಪಾನಿನ ಹಿಯಾಮ 1988ರಲ್ಲಿ ಪ್ರಕಟಿಸಿದ ಪಲ್ಲೇಡಿಯಂ ಜೋಡಣೆಯಲ್ಲಿ ಫ್ಲೋರೈಡ್ ಬೇಕಾದದ್ದೂ ಇದಕ್ಕೇ. ಯಾವ ಕ್ರಿಯೆ ಯೋಜಿಸಿದರೂ ಮೊದಲು ಕೇಳಿಕೊಳ್ಳಿ: ಈ ಫ್ಲಾಸ್ಕಿನೊಳಗೆ ಆಮ್ಲಜನಕದ ಪರಮಾಣು ಎಲ್ಲಿಂದ ನುಸುಳಬಹುದು?

2. ಜೂನ್ ತಿಂಗಳಿಗೆ ಮೇ ತಿಂಗಳಲ್ಲೇ ಸಿದ್ಧರಾಗಿ

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇದೇ ಜಿಲ್ಲೆಯಲ್ಲಿದೆ. ಶಿವಮೊಗ್ಗ ನಗರದಲ್ಲಿ ಅಷ್ಟಿಲ್ಲ, ಆದರೆ ಜುಲೈಯ ಗಾಳಿ ಕ್ಲೋರೋಸಿಲೇನ್ ಸೀಸೆಗೆ ಧಾರಾಳವಾಗಿ ಸಾಕು. ಮುಚ್ಚಳ ತೆಗೆದ ಕ್ಷಣ ಬಿಳಿ ಹೊಗೆ ಬಂದರೆ ಅದು ಹೈಡ್ರೋಜನ್ ಕ್ಲೋರೈಡ್. ಒಳಗೆ ಸಿಲಿಕಾನ್–ಕ್ಲೋರಿನ್ ಬಂಧ ಮುರಿದು ಸಿಲಾಕ್ಸೇನ್ ಆಗುತ್ತಿದೆ. ಕೆಲ ದಿನ ಹೀಗೇ ಬಿಟ್ಟರೆ ಗಾಜಿನ ಬಿರಡೆ ಬಾಯಿಗೆ ಕಚ್ಚಿಕೊಂಡು ಕೂರುತ್ತದೆ. ಬಲ ಹಾಕಿ ತಿರುಗಿಸಲು ಹೋಗಬೇಡಿ.

ಗಾಜಿನ ಸಾಮಾನನ್ನು ರಾತ್ರಿಯಿಡೀ 120–130 ಡಿಗ್ರಿ ಓವನ್ನಿನಲ್ಲಿಡಿ. ಬಿಸಿಯಿರುವಾಗಲೇ ಜೋಡಿಸಿ, ನಿರ್ವಾತದಲ್ಲಿ ಅಥವಾ ಆರ್ಗಾನ್ ಹರಿಸುತ್ತ ತಣಿಸಿ. ಶ್ಲೆಂಕ್ ಲೈನಿನಲ್ಲಿ ಎಳೆಯುವುದು–ತುಂಬುವುದು ಮೂರು ಸುತ್ತು ಆಗಲೇಬೇಕು. ಎರಡು ಸಾಕೆನ್ನುವ ಸೀನಿಯರ್ ಪ್ರತಿ ಲ್ಯಾಬಿನಲ್ಲೂ ಒಬ್ಬರಿರುತ್ತಾರೆ, ಅವರ ಇಳುವರಿ ಎಷ್ಟೆಂದು ವಿಚಾರಿಸಿ.

ಇನ್ನು ಕರೆಂಟು. ಗುಡುಗು ಮಳೆಗೆ ಅದು ಹೋಗುತ್ತದೆ, ಪಂಪು ನಿಲ್ಲುತ್ತದೆ, ಪಂಪಿನ ಎಣ್ಣೆ ನಿರ್ವಾತದ ಕಡೆಗೆ ಏರಿ ಬರುತ್ತದೆ. ನಲ್ಲಿ ಮುಚ್ಚಿ ಪಂಪಿಗೆ ಗಾಳಿ ಬಿಡುವುದು ಕೈಗೆ ರೂಢಿಯಾಗಿರಲಿ. ದ್ರವ ಸಾರಜನಕದಲ್ಲಿ ಮುಳುಗಿಸಿದ ಟ್ರ್ಯಾಪಿನೊಳಗೆ ಮಾತ್ರ ಎಂದಿಗೂ ಗಾಳಿ ಹರಿಯಬಾರದು. ಸಾರಜನಕ ಕುದಿಯುವುದು ಮೈನಸ್ 196ರಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ. ಹಾಗಾಗಿ ಗಾಳಿಯ ಆಮ್ಲಜನಕ ಅಲ್ಲೇ ನಸುನೀಲಿ ದ್ರವವಾಗಿ ನಿಲ್ಲುತ್ತದೆ. ಸಾವಯವ ದ್ರಾವಕದ ಜೊತೆ ಅದು ಸ್ಫೋಟಕ. ಟ್ರ್ಯಾಪಿನಲ್ಲಿ ನೀಲಿ ಕಂಡರೆ ತೆಗೆದು ನೋಡುವ ಕುತೂಹಲ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ನೀವೂ ಹೊರಡಿ, ತಿಳಿದವರಿಗೆ ಸುದ್ದಿ ಮುಟ್ಟಿಸಿ.

3. ದ್ರಾವಕ ಒಣಗಿಸಲು ಸೋಡಿಯಂ ಒಂದೇ ದಾರಿಯಲ್ಲ

ಟಿಎಚ್‌ಎಫ್‌ಗೆ ಸೋಡಿಯಂ ಮತ್ತು ಬೆಂಜೋಫಿನೋನ್ ಹಾಕಿ ಗಾಢ ನೀಲಿ ಬರುವ ತನಕ ಕುದಿಸುವುದು ಹಳೆಯ ಪದ್ಧತಿ. ನೋಡಲು ಚೆಂದ, ಬೆಂಕಿಗೂ ಅಷ್ಟೇ ಹತ್ತಿರ. 2010ರಲ್ಲಿ ವಿಲಿಯಮ್ಸ್ ಮತ್ತು ಲಾಟನ್ ನೀರಿನ ಪ್ರಮಾಣ ಅಳೆದು ನೋಡಿದಾಗ, ಚೆನ್ನಾಗಿ ಕಾಯಿಸಿ ಸಿದ್ಧಮಾಡಿದ 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ ಮೇಲೆ ಎರಡು–ಮೂರು ದಿನ ಸುಮ್ಮನೆ ಇಟ್ಟ ಟಿಎಚ್‌ಎಫ್, ಸೋಡಿಯಂ ಮೇಲೆ ಕುದಿಸಿದ್ದಕ್ಕಿಂತ ಒಣಗಿತ್ತು. ಸೀವನ್ನು 250–300 ಡಿಗ್ರಿಯಲ್ಲಿ ನಿರ್ವಾತದಡಿ ಕಾಯಿಸಿರಬೇಕು. ಡಬ್ಬಿಯಿಂದ ತೆಗೆದು ಹಾಗೇ ಸುರಿದರೆ ಏನೂ ಆಗದು. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್‌ಗಳಿಗೆ ಮಾತ್ರ ಸೋಡಿಯಂ ಮುಟ್ಟಿಸಲೇಬಾರದು. ಸಿಡಿಯುತ್ತದೆ.

4. ಭದ್ರಾವತಿಯನ್ನು ರಸಾಯನಶಾಸ್ತ್ರದ ಕಣ್ಣಿನಿಂದ ಒಮ್ಮೆ ನೋಡಿ

1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಿಂದ ಕರಗಿಸುತ್ತಿತ್ತು. ಕಾಡಿನ ಕಟ್ಟಿಗೆಯನ್ನು ಗಾಳಿ ತಾಗದಂತೆ ಕಾಯಿಸಿ ಇದ್ದಿಲು ಮಾಡುವಾಗ ಮೆಥನಾಲ್ ಉಪಉತ್ಪನ್ನವಾಗಿ ಸಿಗುತ್ತಿತ್ತು. ಮುಂದೆ ಅದೇ ಕಾರ್ಖಾನೆ ವಿದ್ಯುತ್ ಕುಲುಮೆಯಲ್ಲಿ ಫೆರೋಸಿಲಿಕಾನ್ ಕೂಡ ತಯಾರಿಸಿತು.

ಈಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಕೋ 1940ರಲ್ಲಿ ಮಾಡಿದ್ದೇನು ನೋಡಿ. ತಾಮ್ರ ಬೆರೆಸಿದ ಸಿಲಿಕಾನ್ ಪುಡಿಯ ಮೇಲೆ ಸುಮಾರು 300 ಡಿಗ್ರಿಯಲ್ಲಿ ಮೀಥೈಲ್ ಕ್ಲೋರೈಡ್ ಹಾಯಿಸಿದರು, ಡೈಮೀಥೈಲ್‌ಡೈಕ್ಲೋರೋಸಿಲೇನ್ ಇಳಿಯಿತು. ಜರ್ಮನಿಯ ರಿಚರ್ಡ್ ಮ್ಯುಲರ್ ಸ್ವತಂತ್ರವಾಗಿ ಅದೇ ದಾರಿ ಕಂಡುಕೊಂಡಿದ್ದರು. ಜಗತ್ತಿನ ಸಿಲಿಕೋನ್ ಉದ್ಯಮ ನಿಂತಿರುವುದು ಇಂದಿಗೂ ಆ ಕ್ರಿಯೆಯ ಮೇಲೆ. ಮೀಥೈಲ್ ಕ್ಲೋರೈಡಿಗೆ ಬೇಕಾದದ್ದು ಮೆಥನಾಲ್ ಮತ್ತು ಹೈಡ್ರೋಜನ್ ಕ್ಲೋರೈಡ್. ಅಂದರೆ ಭದ್ರಾ ನದಿಯ ದಡದ ಒಂದೇ ಕಾರ್ಖಾನೆಗೆ ಮೆಥನಾಲೂ ಗೊತ್ತಿತ್ತು, ಸಿಲಿಕಾನಿನ ಕುಲುಮೆಯೂ ಗೊತ್ತಿತ್ತು. ಫೆರೋಸಿಲಿಕಾನಿನಲ್ಲಿ ಕಬ್ಬಿಣದ ಪಾಲು ಹೆಚ್ಚು, ಈ ಕ್ರಿಯೆಗೆ ಅದು ನೇರ ಒದಗದು, ನಿಜ. ಆದರೂ ಕಚ್ಚಾವಸ್ತು ಎಲ್ಲಿಂದ ಬರುತ್ತದೆಂದು ತಿಳಿಯದೆ ಬರೀ ಕ್ಯಾಟಲಾಗ್ ನೋಡಿ ಆರ್ಡರ್ ಕೊಡುವವರಿಗೆ ಆ ಊರು ಒಳ್ಳೆಯ ಪಾಠ.

5. ಕುದಿಬಿಂದು ನೋಡಿ ಮರುಳಾಗಬೇಡಿ

ಟ್ರೈಮೀಥೈಲ್‌ಕ್ಲೋರೋಸಿಲೇನ್ ಕುದಿಯುವುದು 57 ಡಿಗ್ರಿಯ ಮೇಲೆ, ಸಿಲಿಕಾನ್ ಟೆಟ್ರಾಕ್ಲೋರೈಡೂ ಅಲ್ಲೇ. ಮೀಥೈಲ್‌ಟ್ರೈಕ್ಲೋರೋಸಿಲೇನ್ 66, ಡೈಮೀಥೈಲ್‌ಡೈಕ್ಲೋರೋಸಿಲೇನ್ 70. ಈ ನಾಲ್ಕು ಡಿಗ್ರಿಗಾಗಿಯೇ ಕಾರ್ಖಾನೆಗಳಲ್ಲಿ ಎತ್ತರದ ಬಟ್ಟಿ ಕಂಬಗಳು ನಿಂತಿವೆ. ಮೂರು ಕ್ಲೋರಿನ್ ಇರುವುದು ಸ್ವಲ್ಪ ಉಳಿದರೂ ಪಾಲಿಮರಿನ ಸರಪಳಿಗಳು ಅಡ್ಡಡ್ಡ ಹೆಣೆದುಕೊಳ್ಳುತ್ತವೆ; ಒಂದೇ ಕ್ಲೋರಿನ್ ಇರುವುದು ಉಳಿದರೆ ಸರಪಳಿ ಅರ್ಧಕ್ಕೇ ಮುಗಿಯುತ್ತದೆ. ‘ಸರಿಯಾದ ತಾಪದಲ್ಲಿ ಬಂತು’ ಅನ್ನುವುದು ಶುದ್ಧತೆಗೆ ಸಾಕ್ಷಿಯಲ್ಲ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಹಾಕಿ ನೋಡಿ.

6. ಅಂಟು ಉಳಿದರೆ ತೊಳೆಯಬೇಡಿ

ನಾಟಿಂಗ್‌ಹ್ಯಾಮಿನ ಫ್ರೆಡರಿಕ್ ಕಿಪ್ಪಿಂಗ್ ಸುಮಾರು ನಾಲ್ಕು ದಶಕ ಸಿಲಿಕಾನ್ ಹಿಂದೆ ಬಿದ್ದವರು. ಗ್ರಿಗ್ನಾರ್ಡ್ ಕಾರಕದಿಂದ ಸಿಲಿಕಾನ್–ಇಂಗಾಲ ಬಂಧ ಕಟ್ಟುವ ದಾರಿ ಹಾಕಿಕೊಟ್ಟವರಲ್ಲಿ ಅವರೊಬ್ಬರು. ಅವರಿಗೆ ಬೇಕಿದ್ದದ್ದು ಚೆಂದದ ಹರಳು. ಫ್ಲಾಸ್ಕಿನ ತಳಕ್ಕೆ ಅಂಟಿಕೊಳ್ಳುತ್ತಿದ್ದ ಗೋಂದಿನಂಥ ಶೇಷ ಅವರಿಗೆ ಪೀಡೆಯಾಗಿ ಕಂಡಿತು. 1937ರಲ್ಲಿ ಪ್ರಕಟವಾದ ಉಪನ್ಯಾಸವೊಂದರಲ್ಲಿ, ಈ ಕ್ಷೇತ್ರದಿಂದ ಸದ್ಯಕ್ಕೆ ದೊಡ್ಡದೇನೂ ಬರುವಂತಿಲ್ಲ ಎಂಬ ಅರ್ಥದ ಮಾತು ಹೇಳಿದರು. ಮೂರೇ ವರ್ಷಕ್ಕೆ ರೋಕೋ ಬಂದರು. ಆ ಗೋಂದಿನ ಬಳಗದ ವಸ್ತುಗಳೇ ಇವತ್ತು ಕಿಟಕಿಯ ಸಂದಿಗೆ ಹಾಕುವ ಸೀಲೆಂಟು, ಬೇಕರಿಯ ಅಚ್ಚು, ತಲೆಗೆ ಹಚ್ಚುವ ಸೀರಮ್ಮು. ಶೇಷದ ಒಂದು ಚೂರನ್ನು ದಿನಾಂಕ ಬರೆದು ಎತ್ತಿಡಿ. ಐಆರ್ ಒಂದನ್ನಾದರೂ ತೆಗೆಸಿ. 2100–2200ರ ನಡುವೆ ಚೂಪಾದ ಪಟ್ಟಿ ಇದ್ದರೆ ಸಿಲಿಕಾನ್–ಹೈಡ್ರೋಜನ್ ಬಂಧ ಇನ್ನೂ ಉಳಿದಿದೆ, 1000–1100ರಲ್ಲಿ ಅಗಲವಾಗಿ ಹರಡಿದ್ದರೆ ಸಿಲಾಕ್ಸೇನ್.

7. ಪ್ಲಾಟಿನಂಗೆ ಆತುರ ತೋರಿಸಬೇಡಿ

ಸಿಲಿಕಾನ್–ಹೈಡ್ರೋಜನ್ ಬಂಧವನ್ನು ಆಲ್ಕೀನಿಗೆ ಸೇರಿಸುವ ಹೈಡ್ರೋಸಿಲಿಲೇಶನ್‌ಗೆ 1957ರಲ್ಲಿ ಸ್ಪೈಯರ್ ಕ್ಲೋರೋಪ್ಲಾಟಿನಿಕ್ ಆಮ್ಲ ತಂದರು, 1973ರಲ್ಲಿ ಕಾರ್‌ಸ್ಟೆಡ್ ವೇಗವರ್ಧಕ ಬಂತು. ಎರಡಕ್ಕೂ ಒಂದು ಸ್ವಭಾವವಿದೆ: ಹಾಕಿದ ಕೂಡಲೇ ಏನೂ ಆಗದಿರಬಹುದು. ಹತ್ತು ನಿಮಿಷ ಕಾದು ಬೇಸತ್ತು ಇನ್ನೆರಡು ಹನಿ ಹಾಕಿ, ಬಿಸಿಯನ್ನೂ ಏರಿಸಿದಿರೋ, ಎಲ್ಲ ಒಟ್ಟಿಗೇ ಎಚ್ಚರಗೊಂಡು ಫ್ಲಾಸ್ಕು ಉಕ್ಕುತ್ತದೆ. ಸಿಲೇನನ್ನು ಹನಿಹನಿಯಾಗಿ ಬಿಡಿ, ತಾಪ ಏರಲು ಶುರುವಾದದ್ದು ಖಾತ್ರಿಯಾದ ಮೇಲಷ್ಟೇ ಮುಂದುವರಿಯಿರಿ. ಅರ್ಧ ತಾಸಾದರೂ ಅಲುಗಾಟವಿಲ್ಲದಿದ್ದರೆ ವಿಷವನ್ನು ಅನುಮಾನಿಸಿ: ಗಂಧಕವಿರುವ ರಬ್ಬರ್ ಸೆಪ್ಟಮ್, ಲೇಟೆಕ್ಸ್ ಕೈಗವಸು, ಅಮೀನ್, ಫಾಸ್ಫೀನ್ ಎಲ್ಲವೂ ಪ್ಲಾಟಿನಂ ಕೊಲ್ಲಬಲ್ಲವು. ದ್ರಾವಣ ಕಪ್ಪಾದರೆ ಲೋಹ ಕಣವಾಗಿ ಉದುರಿದೆ ಎಂದರ್ಥ.

ಕಾಗದದ ಮೇಲೆ ಎಲೆಕ್ಟ್ರಾನ್ ಎಣಿಸುವುದನ್ನು ಬಿಡಬೇಡಿ. ಹದಿನೆಂಟು, ಚಪ್ಪಟೆ ಚೌಕದ ಸಂಕೀರ್ಣಕ್ಕೆ ಹದಿನಾರು. ಲೋಹ ಸಿಲಿಕಾನ್–ಹೈಡ್ರೋಜನ್ ಬಂಧದೊಳಗೆ ನುಗ್ಗಬೇಕು, ಆಲ್ಕೀನ್ ಬಂದು ಸೇರಬೇಕು, ಉತ್ಪನ್ನ ಕಳಚಿ ಹೊರಡಬೇಕು. 1965ರಲ್ಲಿ ಚಾಕ್ ಮತ್ತು ಹ್ಯಾರಡ್ ಕೊಟ್ಟ ಈ ಸುತ್ತಿನ ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಕೂಡಬೇಕು. ಕೆಲವೊಮ್ಮೆ ಬಂಧ ಪೂರ್ತಿ ಮುರಿಯದೆ, ಲೋಹದ ಪಕ್ಕಕ್ಕೆ ಒರಗಿ ಸಿಗ್ಮಾ ಸಂಕೀರ್ಣವಾಗಿ ನಿಲ್ಲುತ್ತದೆ. ಇಂಥವನ್ನು ಕಲಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರ್ದಾರ್ ಅವರ ಗುಂಪು ಸಿಗ್ಮಾ ಸಂಕೀರ್ಣಗಳ ಮೇಲೆ ಬಹುಕಾಲ ಕೆಲಸ ಮಾಡಿದೆ. ಅವರ ಪ್ರಬಂಧಗಳನ್ನು ಓದಿ.

8. ಗ್ರೀಸನ್ನು ಉತ್ಪನ್ನವೆಂದು ಬರೆಯಬೇಡಿ

ಎನ್‌ಎಂಆರ್‌ನಲ್ಲಿ ಸೊನ್ನೆಗೆ ನಿಲ್ಲುವ ಟಿಎಂಎಸ್ ಸ್ವತಃ ಸಿಲಿಕಾನ್ ಸಂಯುಕ್ತ. ಅದರ ಪಕ್ಕದಲ್ಲೇ, 0.07ರ ಸುತ್ತ, ನಿಮ್ಮ ಗಾಜಿನ ಕೀಲಿಗೆ ಹಚ್ಚಿದ ಸಿಲಿಕೋನ್ ಗ್ರೀಸ್ ಕಾಣಿಸುತ್ತದೆ. ಬೇರೆ ರಸಾಯನಜ್ಞರಿಗೆ ಅದು ಬರೀ ಕಲೆ. ನಿಮ್ಮ ಮೀಥೈಲ್‌ಸಿಲಿಕಾನ್ ಗುಂಪುಗಳೂ ಅಲ್ಲಿಯೇ ಬರುವುದರಿಂದ ನಿಮಗೆ ಅದು ಮೋಸ. ಗ್ರೀಸ್ ಬರೀ ಕೂತಿರುವುದಿಲ್ಲ, ಚುರುಕಾದ ಲೋಹಸಂಯುಕ್ತಗಳ ಜೊತೆ ಕ್ರಿಯೆಗೂ ಇಳಿಯುತ್ತದೆ. ಹಾಗೆ ಆಕಸ್ಮಿಕವಾಗಿ ಬೆಳೆದ ಸಿಲಾಕ್ಸೇನ್ ಹರಳುಗಳ ವರದಿಗಳು ಹಲವಿವೆ. ಟೆಫ್ಲಾನ್ ತೋಳು ಬಳಸಿ.

ಸಿಲಿಕಾನ್-29 ಪ್ರಕೃತಿಯಲ್ಲಿ ಶೇ 4.7 ಮಾತ್ರ, ವಿಶ್ರಾಂತಿಯೂ ನಿಧಾನ. ತಾಳ್ಮೆ ಬೇಕು, ಇಲ್ಲವೇ ಕ್ರೋಮಿಯಂ ಅಸಿಟೈಲ್‌ಅಸಿಟೋನೇಟ್ ಸ್ವಲ್ಪ ಸೇರಿಸಬೇಕು. ಮೈನಸ್ 110ರ ಹತ್ತಿರದ ಅಗಲ ಗುಡ್ಡ ನಿಮ್ಮದಲ್ಲ, ಗಾಜಿನದು. ಮಾದರಿಯನ್ನು ಬೆಂಗಳೂರಿಗೆ ಕಳಿಸುವುದಾದರೆ ಕರಗಿಸಿ ಕೊಳವೆಯಲ್ಲಿ ಕಳಿಸಬೇಡಿ. ಆರ್ಗಾನ್ ಕೆಳಗೆ ಮುಚ್ಚಿದ ಆಂಪೂಲ್ ಆಗಲಿ. ದಾರಿಯಲ್ಲಿ ಒಳಗಿಳಿದ ತೇವವೂ ನಿಮ್ಮ ದತ್ತಾಂಶದಲ್ಲಿ ಶಿಖರವಾಗಿ ಬರುತ್ತದೆ.

9. ಅಡಿಕೆ ತೋಟದಲ್ಲೂ ಲ್ಯಾಬ್ ಇದೆ

ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗದ ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ನೀರಿನ ಅಣುಗಳು ಸುತ್ತುವರಿದ ತಾಮ್ರದ ನೀಲಿ ಸಂಕೀರ್ಣ ಸುಣ್ಣ ತಾಗಿದಾಗ ಕರಗದ ಪ್ರಕ್ಷೇಪವಾಗಿ, ಗೊನೆಯ ಮೇಲೆ ಕೂತು, ಸ್ವಲ್ಪಸ್ವಲ್ಪವೇ ತಾಮ್ರ ಬಿಡುತ್ತದೆ. ಸುಣ್ಣ ಕಡಿಮೆಯಾಯಿತೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚಾಕು ಅದ್ದುತ್ತಾರಲ್ಲ, ಅದರ ಮೇಲೆ ಕೂರುವ ಕೆಂಪು, ಕಬ್ಬಿಣ ಕರಗಿ ತಾಮ್ರ ಹೊರಬಿದ್ದದ್ದು. ಕಬ್ಬಿಣದ ಡ್ರಮ್ಮಿನಲ್ಲಿ ಔಷಧಿ ಕಲಸಬಾರದೆನ್ನುವುದೂ ಅದಕ್ಕೇ.

ಈಗ ಅಂಗಡಿಗಳಲ್ಲಿ ರಾಳದ ಜೊತೆಗೆ ಸಿಲಿಕಾನ್ ಸ್ಪ್ರೆಡರ್‌ಗಳೂ ಸಿಗುತ್ತವೆ. ಟ್ರೈಸಿಲಾಕ್ಸೇನ್ ಬಗೆಯವುಗಳು ಏಳನೆಯ ಸೂತ್ರದ ಕ್ರಿಯೆಯಿಂದಲೇ ಆದವು: ಸಿಲಿಕಾನ್–ಹೈಡ್ರೋಜನ್ ಬಂಧವನ್ನು ಪ್ಲಾಟಿನಂ ನೆರವಿನಿಂದ ಪಾಲಿಈಥರ್ ಸರಪಳಿಗೆ ಸೇರಿಸಿದ್ದು. ನೀರಿನ ಮೇಲ್ಮೈ ಎಳೆತ 72ರಿಂದ 20ರ ಆಸುಪಾಸಿಗೆ ಇಳಿದು ಹನಿ ಮೇಣದ ಹೊದಿಕೆಯ ಮೇಲೂ ಹರಡುತ್ತದೆ. ಆದರೆ ಈ ಅಣು ನೆಮ್ಮದಿಯಾಗಿರುವುದು ಪಿಎಚ್ 6ರಿಂದ 8ರ ನಡುವೆ. ಆಮ್ಲದಲ್ಲೂ ಕ್ಷಾರದಲ್ಲೂ ಅದರ ಸಿಲಿಕಾನ್–ಆಮ್ಲಜನಕ ಸೇತುವೆ ನೀರಿನಿಂದ ಮುರಿಯುತ್ತದೆ. ಬಂಧ ಬಲವಾಗಿರುವುದು ಬೇರೆ, ಮುರಿಯುವ ದಾರಿ ಸುಲಭವಾಗಿರುವುದು ಬೇರೆ. ಮೊದಲ ಸೂತ್ರದ ಅಂಕಿಗಳನ್ನೇ ಪೂರ್ತಿ ನಂಬಿ ಕೂರಬೇಡಿ. ಸುಣ್ಣ ಮುಂದಾದ ಬೋರ್ಡೋದಲ್ಲಿ ಸ್ಪ್ರೆಡರ್ ಕಲಸಿ ರಾತ್ರಿ ಇಟ್ಟರೆ ಬೆಳಿಗ್ಗೆ ದುಡ್ಡು ನೀರಿಗೆ ಹೋದ ಹಾಗೆ. ಕೊನೆಗಾರ ಮರ ಹತ್ತಲು ಸಿದ್ಧನಾದ ಮೇಲೆ, ಪೊಟ್ಟಣದ ಮೇಲಿನ ಪ್ರಮಾಣ ನೋಡಿ, ಆಗಿನ್ನೂ ಕಲಸಿದ ಔಷಧಿಗೆ ಕೊನೆಯಲ್ಲಿ ಸೇರಿಸಿ. ಆ ದಿನವೇ ಮುಗಿಸಿ.