ಸುದ್ದಿಗೂ ಮೊದಲು ಹಾಡು

ಡೇವಿಡ್ ಬೋವಿಯ ‘ಬ್ಲ್ಯಾಕ್‌ಸ್ಟಾರ್’ ಆಲ್ಬಮ್ಮನ್ನು ಅವನು ಬದುಕಿದ್ದಾಗಲೇ ಕೇಳುವ ಅವಕಾಶ ಲೋಕಕ್ಕೆ ಸಿಕ್ಕಿದ್ದು ಎರಡೇ ದಿನ. 2016ರ ಜನವರಿ 8ರ ಶುಕ್ರವಾರ, ತನ್ನ 69ನೇ ಹುಟ್ಟುಹಬ್ಬದಂದು ಅದನ್ನು ಹೊರತಂದ. 10ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಕ್ಯಾನ್ಸರ್ ಇದ್ದ ವಿಷಯ ಅಭಿಮಾನಿಗಳಿಗೆ ಗೊತ್ತೇ ಇರಲಿಲ್ಲ. ಸುದ್ದಿ ಬೆಂಗಳೂರು ಮುಟ್ಟಿದ್ದು ಸೋಮವಾರ ಮಧ್ಯಾಹ್ನ. ಅಷ್ಟರೊಳಗೆ ಶನಿವಾರ, ಭಾನುವಾರ ಎರಡೂ ದಿನ ನಾನು ಆ ಆಲ್ಬಮ್ಮಿನೊಳಗೇ ಇದ್ದೆ.

ಕ್ಯಾಸೆಟ್ಟಿನ ಕಾಲದಿಂದಲೂ ಡಿಸೆಂಬರ್ ಬಂತೆಂದರೆ ಆ ವರ್ಷ ಮನಸ್ಸಿಗೆ ಹಿಡಿಸಿದ ರಾಕ್ ಮತ್ತು ಪಾಪ್ ಹಾಡುಗಳನ್ನು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಆಗೆಲ್ಲ ಹಾಡು ನಮಗೆ ತಡವಾಗಿ ಬರುತ್ತಿತ್ತು, ಬರಿಗೈಯಲ್ಲಿ ಬರುತ್ತಿತ್ತು. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಸಾಹಿತ್ಯದ ಹಾಳೆಯೂ ಇರುತ್ತಿರಲಿಲ್ಲ. ಹಾಡುವವನು ಯಾರನ್ನು ಮದುವೆಯಾದ, ಯಾರನ್ನು ಬಿಟ್ಟ ಎಂಬುದು ತಿಳಿಯುವ ದಾರಿಯೇ ಇರಲಿಲ್ಲ. ಕಿವಿಗೆ ಬಿದ್ದಷ್ಟೇ ನಮ್ಮ ಆಸ್ತಿ. 2016ರ ಹೊತ್ತಿಗೆ ತಿಂಗಳಿಗೆ 120 ರೂಪಾಯಿ ಕೊಟ್ಟರೆ ಆಪಲ್ ಮ್ಯೂಸಿಕ್‌ನಲ್ಲಿ ಅಮೆರಿಕದವರ ಜೊತೆಜೊತೆಗೇ ಹೊಸ ಆಲ್ಬಮ್ ನಮಗೂ ಸಿಗುವಂತಾಯಿತು. ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಚಿಂತೆಯೂ ಹೋಯಿತು. ಆದರೆ ಹಾಡಿನ ಜೊತೆಗೆ ಸುದ್ದಿಯೂ ಅದೇ ಫೋನಿಗೆ, ಅದೇ ಗಳಿಗೆಗೆ ಬಂತು. ಕೆಲವು ಸಲ ಹಾಡಿಗಿಂತ ಮೊದಲೇ ಬಂತು. ಸುದ್ದಿ ಕಿವಿಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ನಾನು ಕಲಿತದ್ದು ಆ ವರ್ಷದ ಪಟ್ಟಿ ಬರೆಯುವಾಗ.

ಬೋವಿಯದರಲ್ಲಿ ನಾನು ಆರಿಸಿಕೊಂಡದ್ದು ಕೊನೆಯ ಹಾಡು, ‘ಐ ಕಾಂಟ್ ಗಿವ್ ಎವ್ರಿಥಿಂಗ್ ಅವೇ’. ಸುದ್ದಿ ಬರುವ ಮೊದಲು ನನಗೆ ಅದರಲ್ಲಿ ಕೇಳಿಸಿದ್ದು ಹುರುಪು. ಮಾರ್ಕ್ ಗಿಲಿಯಾನಾನ ಡ್ರಮ್ಸ್ ಒಂದು ಕ್ಷಣವೂ ನೆಲಕ್ಕೆ ಕಾಲೂರದೆ ಓಡುತ್ತದೆ. ಅದರ ಮೇಲೆ ಡಾನಿ ಮೆಕಾಸ್ಲಿನ್‌ನ ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರಿಂದ ಆ ವಾದ್ಯದ ಪರಿಚಯ ಮಾಡಿಕೊಂಡ ನನಗೆ ಅದು ಇಷ್ಟು ಒರಟಾಗಿಯೂ ನುಡಿಯಬಲ್ಲದು ಎಂಬುದೇ ಒಂದು ಸಂತೋಷ. ನ್ಯೂಯಾರ್ಕಿನ ಜಾಝ್ ವಾದಕರ ತಂಡವನ್ನು ಕಟ್ಟಿಕೊಂಡು ಅರವತ್ತೊಂಬತ್ತರಲ್ಲಿ ಹೊಸದಾಗಿ ಶುರುಮಾಡಿದ್ದಾನಲ್ಲ ಎಂದುಕೊಂಡೆ. ಹಾಡಿನಲ್ಲಿ ಬರುವ ಮೌತ್ ಆರ್ಗನ್ ಕೂಡ ಹಾಗೇ ಹೇಳುತ್ತಿತ್ತು: ಅದು 1977ರ ‘ಲೋ’ ಆಲ್ಬಮ್ಮಿನ ‘ಎ ನ್ಯೂ ಕರಿಯರ್ ಇನ್ ಎ ನ್ಯೂ ಟೌನ್’ನ ನೆನಪು ತರುತ್ತದೆ. ಲಾಸ್ ಏಂಜಲೀಸ್ ಬಿಟ್ಟು ಯುರೋಪಿಗೆ ಬಂದು ಬೋವಿ ಬದುಕನ್ನು ಮತ್ತೆ ಕಟ್ಟಿಕೊಂಡ ಕಾಲದ ವಾದ್ಯಸಂಗೀತ ಅದು.

ಸೋಮವಾರದ ನಂತರ ಅದೇ ಹಾಡು ಎಲ್ಲರಿಗೂ ಉಯಿಲಾಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಬೋವಿ ಅದನ್ನು ತಿಳಿದೇ ಮಾಡಿದ್ದಿರಬೇಕು. ಆದರೆ ಆ ಹುರುಪೂ ಸುಳ್ಳಲ್ಲ. ಅದು ಡ್ರಮ್ಸ್‌ನಲ್ಲಿದೆ, ಇವತ್ತಿಗೂ ಇದೆ. ಡೈರಿಯಲ್ಲಿ ನಾನು ಈ ಹಾಡಿನ ಬಗ್ಗೆ ಬರೆದದ್ದು ಶನಿವಾರ, ಭಾನುವಾರ ಕೇಳಿದ್ದನ್ನು. ಅದನ್ನು ಆಮೇಲೂ ತಿದ್ದಲಿಲ್ಲ.

ನಿಕ್ ಕೇವ್‌ನದು ಇದರ ತಿರುವುಮುರುವು. ‘ಸ್ಕೆಲಿಟನ್ ಟ್ರೀ’ ಬಂದದ್ದು ಸೆಪ್ಟೆಂಬರ್ 9ರಂದು. ಕಾವೇರಿಗಾಗಿ ಕರ್ನಾಟಕ ಬಂದ್ ಆಗಿದ್ದ ದಿನ ಅದು. ಬಸ್ಸಿಲ್ಲ, ಆಫೀಸಿಲ್ಲ. ಬಾಗಿಲು ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಹಿಂದಿನ ವರ್ಷದ ಜುಲೈನಲ್ಲಿ ಕೇವ್‌ನ ಹದಿನೈದು ವರ್ಷದ ಮಗ ಬಂಡೆಯ ಮೇಲಿಂದ ಬಿದ್ದು ತೀರಿಕೊಂಡಿದ್ದ. ಅದನ್ನು ತಿಳಿದೇ ಕೇಳಲು ಕೂತಿದ್ದೆ, ಹಾಗಾಗಿ ಪ್ರತಿ ಸಾಲಿನಲ್ಲೂ ಆ ಹುಡುಗನೇ ಕಂಡ. ಆಮೇಲೆ ತಿಳಿದದ್ದು, ಹಾಡುಗಳಲ್ಲಿ ಹೆಚ್ಚಿನವು ಆ ಸಾವಿಗೂ ಮೊದಲೇ ಬರೆದವು ಎಂಬುದು. ಹಾಗಾದರೆ ಆ ದುಃಖ ಎಲ್ಲಿತ್ತು? ಮತ್ತೆ ಕೇಳಿದಾಗ ಗೊತ್ತಾಯಿತು: ದನಿಯಲ್ಲಿತ್ತು. ತಾಳಕ್ಕೆ ಹಿಂದೆ ಬೀಳುವ, ಸ್ವರ ಹಿಡಿಯಲಾರದೆ ಹಾಗೇ ಬಿಟ್ಟುಕೊಡುವ ಆ ದನಿಯಲ್ಲಿ. ಭಾವಗೀತೆ ಕೇಳಿ ಬೆಳೆದ ನಾವು ಮೊದಲು ಸಾಹಿತ್ಯಕ್ಕೆ ಕಿವಿಗೊಡುತ್ತೇವೆ. ಅಶ್ವತ್ಥ್ ಹಾಡಿದರೂ, ಅನಂತಸ್ವಾಮಿ ಹಾಡಿದರೂ ಕವಿ ಏನೆಂದ ಎಂಬುದೇ ಮುಂದೆ. ರಾಕ್‌ಗೆ ಆ ಕಿವಿ ಸಾಲದು. ಪಟ್ಟಿಗೆ ‘ಐ ನೀಡ್ ಯು’ ಹಾಕಿಕೊಂಡೆ, ಆ ದನಿಗಾಗಿ.

ರೇಡಿಯೋಹೆಡ್‌ನ ‘ಟ್ರೂ ಲವ್ ವೇಟ್ಸ್’ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ, ಅದು ತಾನೇ ಬಂದು ಕೂತಿತು. 1995ರಿಂದ ವೇದಿಕೆಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ಹಾಡು, ಸ್ಟುಡಿಯೋ ಆಲ್ಬಮ್ಮಿಗೆ ಬರಲು 21 ವರ್ಷ ಬೇಕಾಯಿತು. ಬಂದಾಗ ಗಿಟಾರ್ ಹೋಗಿ ಪಿಯಾನೋ ಆಗಿತ್ತು, ಒಂದರ ಮೇಲೊಂದು ಕೂರಿಸಿ ಒಂದಕ್ಕೊಂದು ಹೊಂದದಂತೆ ಬಿಟ್ಟ ಪಿಯಾನೋ. ತಂಡದ ಗಾಯಕ ಥಾಮ್ ಯಾರ್ಕ್‌ನ ಸಂಸಾರ ಮುರಿದದ್ದನ್ನು ಅದಕ್ಕೆ ಜೋಡಿಸಿ ಬಹಳ ಜನ ಬರೆದರು. ಹೊಂದದ ಆ ಪಿಯಾನೋಗಳೇ ನನಗೆ ಸಾಕಾದವು.

ಲೆನರ್ಡ್ ಕೋಹೆನ್ ಸುದ್ದಿಯನ್ನು ಹಾಡಿನೊಳಗೇ ಇಟ್ಟುಬಿಟ್ಟಿದ್ದ. ‘ಯು ವಾಂಟ್ ಇಟ್ ಡಾರ್ಕರ್’ನಲ್ಲಿ ಹಿಮ್ಮೇಳ ಹಾಡಿದ್ದು ಮಾಂಟ್ರಿಯಲ್‌ನಲ್ಲಿ ಅವನು ಬಾಲ್ಯದಲ್ಲಿ ಹೋಗುತ್ತಿದ್ದ ಯಹೂದಿ ಪ್ರಾರ್ಥನಾ ಮಂದಿರದ ಗಾಯಕರು. ಬೆನ್ನುನೋವಿನಿಂದ ಮೇಲೇಳಲಾರದ ಕೋಹೆನ್ ಮನೆಯಲ್ಲೇ ಕುರ್ಚಿಯಲ್ಲಿ ಕೂತು ಹಾಡಿದ, ಮಗ ಆಡಮ್ ಆಲ್ಬಮ್ಮನ್ನು ರೂಪಿಸಿದ. ನವೆಂಬರ್ 11ರ ಬೆಳಿಗ್ಗೆ ಹಳೆಯ ನೋಟು ಬದಲಿಸಲು ಬ್ಯಾಂಕಿನ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಅವನು ಹೋದ ಸುದ್ದಿ ಫೋನಿಗೆ ಬಂತು. ಇಯರ್‌ಫೋನ್ ಹಾಕಿಕೊಂಡು ಹಾಡನ್ನು ಮತ್ತೆ ಕೇಳಿದೆ. ಏನೂ ಬದಲಾಗಿರಲಿಲ್ಲ. ಮೂರು ವಾರದ ಹಿಂದೆ ಕೇಳಿಸಿದ್ದೇ ಈಗಲೂ ಕೇಳಿಸಿತು. ಹೊರಗಿನ ಸುದ್ದಿ ಸೇರಿಸಲು ಜಾಗವೇ ಇಲ್ಲದಷ್ಟು ತುಂಬಿದ ಹಾಡು.

ಆ ವರ್ಷ ಅತಿ ಹೆಚ್ಚು ಸುದ್ದಿ ಮೆತ್ತಿಕೊಂಡ ಆಲ್ಬಮ್ ಎಂದರೆ ಬಿಯಾನ್ಸೆಯ ‘ಲೆಮನೇಡ್’. ಏಪ್ರಿಲ್ 23ರಂದು ಬಂತು, ಪ್ರಿನ್ಸ್ ತೀರಿಕೊಂಡ ಎರಡೇ ದಿನಕ್ಕೆ. ಗಂಡ ಮೋಸ ಮಾಡಿದನಂತೆ, ಆ ಹೆಂಗಸು ಯಾರಂತೆ ಎಂಬ ಮಾತೇ ವಾರಗಟ್ಟಲೆ. ಅದರಿಂದ ಬೇಸತ್ತು ನಾನು ‘ಡೋಂಟ್ ಹರ್ಟ್ ಯುವರ್‌ಸೆಲ್ಫ್’ನ ಡ್ರಮ್ಸ್ ಮಾತ್ರ ಕೇಳುತ್ತ ಕೂತೆ. ಅದು ಗುರುತಿನ ಸದ್ದು: ಲೆಡ್ ಝೆಪ್ಪೆಲಿನ್‌ನ ‘ವೆನ್ ದ ಲೆವಿ ಬ್ರೇಕ್ಸ್’. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಹಜಾರದಲ್ಲಿ ಜಾನ್ ಬಾನಮ್ ಬಾರಿಸಿದ, ಮೆಟ್ಟಿಲ ಮೇಲಿಂದ ಮೈಕು ಇಳಿಬಿಟ್ಟು ಹಿಡಿದ ಸದ್ದು ಅದು. ಕಾಲೇಜು ದಿನಗಳಲ್ಲಿ ಆ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ್ದೇನೆ. ಆದರೆ ಹಾಡು ಮೂಲತಃ ಝೆಪ್ಪೆಲಿನ್‌ನದೂ ಅಲ್ಲ. 1929ರಲ್ಲಿ ಮೆಂಫಿಸ್ ಮಿನ್ನಿ ಎಂಬ ಕರಿಯ ಹೆಣ್ಣುಮಗಳು ಮತ್ತು ಆಕೆಯ ಗಂಡ ಕಾನ್ಸಸ್ ಜೋ ಮೆಕಾಯ್ ಧ್ವನಿಮುದ್ರಿಸಿದ್ದು. 1927ರ ಮಿಸಿಸಿಪ್ಪಿ ಪ್ರವಾಹದ ಮೇಲಿನ ಹಾಡು. ಒಡ್ಡು ಒಡೆದು ಊರೂರೇ ಮುಳುಗಿ ಲಕ್ಷಾಂತರ ಜನ ನೆಲೆ ಕಳೆದುಕೊಂಡರು. ಒಡ್ಡು ಕಟ್ಟಲು ಕರಿಯ ಕೂಲಿಗಳನ್ನು ಬಲವಂತವಾಗಿ ದುಡಿಸಿದರು.

ಈಗ 2016ರದೇ ‘ಫಾರ್ಮೇಶನ್’ ವಿಡಿಯೋ ನೋಡಿ. ನ್ಯೂ ಆರ್ಲಿಯನ್ಸ್‌ನ ಪ್ರವಾಹದ ನೀರಲ್ಲಿ ಮುಳುಗುವ ಪೊಲೀಸ್ ಕಾರಿನ ಮೇಲೆ ಬಿಯಾನ್ಸೆ ಕೂತಿದ್ದಾಳೆ. ಕರಿಯ ಹೆಣ್ಣೊಬ್ಬಳ ಪ್ರವಾಹದ ಹಾಡು ಬಿಳಿಯ ಇಂಗ್ಲಿಷ್ ಹುಡುಗರ ಕೈಗೆ ಹೋಗಿ, ಎಂಬತ್ತೇಳು ವರ್ಷದ ಮೇಲೆ ಇನ್ನೊಬ್ಬ ಕರಿಯ ಹೆಣ್ಣಿನ ಸಿಟ್ಟಿನ ಬುನಾದಿಯಾಗಿ ಮರಳಿತ್ತು. ಅದನ್ನು ನನಗೆ ಹೇಳಿದ್ದು ಸಂಸಾರದ ಸುದ್ದಿಯಲ್ಲ, ಡ್ರಮ್ಸ್. ಹಾಡಿನ ಹೊರಗಿನ ಕಥೆ ಒಂದು ಹಂತಕ್ಕೆ ನಿಲ್ಲುತ್ತದೆ, ಸದ್ದಿನ ಒಳಗಿನ ಕಥೆ ನೂರು ವರ್ಷ ಹಿಂದಕ್ಕೆ ಕರೆದೊಯ್ಯುತ್ತದೆ. ಮುಂದಿನ ಫೆಬ್ರವರಿಯಲ್ಲಿ ಅತ್ಯುತ್ತಮ ರಾಕ್ ಪ್ರಸ್ತುತಿಯ ಗ್ರ್ಯಾಮಿಗೆ ‘ಡೋಂಟ್ ಹರ್ಟ್ ಯುವರ್‌ಸೆಲ್ಫ್’ ಹಾಡೂ ಬೋವಿಯ ‘ಬ್ಲ್ಯಾಕ್‌ಸ್ಟಾರ್’ ಹಾಡೂ ಎದುರುಬದುರಾದವು, ಬೋವಿಗೆ ಬಂತು. ನಾನಾಗಿದ್ದರೆ ಬಿಯಾನ್ಸೆಗೆ ಕೊಡುತ್ತಿದ್ದೆ.

ಜನಪ್ರಿಯ ಪಾಪ್‌ನಲ್ಲಿ ಸಿಯಾಳ ‘ಚೀಪ್ ಥ್ರಿಲ್ಸ್’, ಡ್ರೇಕ್‌ನ ‘ಒನ್ ಡ್ಯಾನ್ಸ್’ ಕಿವಿಗೆ ಹಿತವಾಗಿದ್ದವು, ಡಿಸೆಂಬರಿನವರೆಗೆ ಉಳಿಯಲಿಲ್ಲ. ರಿಹಾನಾಳ ‘ಲವ್ ಆನ್ ದ ಬ್ರೇನ್’ ಉಳಿಯಿತು. ಐವತ್ತರ ದಶಕದ ಧಾಟಿಯ ಆ ಹಾಡಲ್ಲಿ ಆಕೆ ಗಂಟಲನ್ನು ಹರಿಯುವವರೆಗೆ ಎಳೆಯುತ್ತಾಳೆ.

ಇವೆಲ್ಲಕ್ಕಿಂತ ಮೇಲೆ ನಾನು ಬರೆದದ್ದು ಮಿಟ್ಸ್ಕಿಯ ‘ಯುವರ್ ಬೆಸ್ಟ್ ಅಮೆರಿಕನ್ ಗರ್ಲ್’. ಆಕೆಯ ತಾಯಿ ಜಪಾನಿನವರು, ತಂದೆ ಅಮೆರಿಕದವರು ಎಂಬುದೂ ಮೊದಲ ಸಲ ಕೇಳಿದಾಗ ನನಗೆ ತಿಳಿದಿರಲಿಲ್ಲ. ಮೆಲ್ಲಗೆ, ಬಹುತೇಕ ಪಿಸುಮಾತಿನಂತೆ ಹೊರಡುವ ಹಾಡು. ಪಲ್ಲವಿಗೆ ಬರುತ್ತಿದ್ದಂತೆ ಗಿಟಾರುಗಳು ಒಮ್ಮೆಲೇ ಬಿರಿದು ಮೇಲೆ ಬೀಳುತ್ತವೆ, ದನಿ ಮಾತ್ರ ಕೂಗುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ಆ ತಿರುವಿಗೆ ಪ್ರತಿ ಸಲವೂ ನನ್ನ ಮೈ ಜುಮ್ಮೆನ್ನುತ್ತದೆ.

ಆ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಬೆಳೆದ ಅಕ್ಕನ ಮಗಳು ರಜೆಗೆ ಬಂದಿದ್ದಳು. ಹಾಡು ಹಾಕಿ, ಸುದ್ದಿಯ ಹಂಗಿಲ್ಲದೆ ಕೇಳಿದ್ದಕ್ಕೇ ಇದು ನನಗೆ ಸಿಕ್ಕಿತು ಎಂದೆ. ಅವಳು ಒಪ್ಪಲಿಲ್ಲ. “ನಿಮಗೆ ಅದು ಸುಲಭ ಮಾಮ. ಹಾಡಲ್ಲಿ ಬರೋ ಹುಡುಗನ್ನ ಅವನಮ್ಮ ಬೆಳೆಸಿದ ರೀತಿ ಬೇರೆ, ನಮ್ಮಮ್ಮ ನನ್ನ ಬೆಳೆಸಿದ ರೀತಿ ಬೇರೆ ಅನ್ನೋದು ನಿಮಗೆ ಹೊರಗಿನ ವಿಷಯ. ನಂಗೆ ಅದು ಬಿಟ್ಟು ಈ ಹಾಡಲ್ಲಿ ಏನೂ ಇಲ್ಲ. ಗಿಟಾರ್ ಜೋರಾಗೋದು ಯಾಕೆ ಅಂದ್ಕೊಂಡಿದೀರ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಸ್ವರ ಮತ್ತು ಸದ್ದಿನ ಲೆಕ್ಕದ ಉತ್ತರ. ಅವಳದು ಅದಕ್ಕಿಂತ ದೊಡ್ಡದು ಎನಿಸಿತು. ಮೊದಲ ಸಲ ಏನನ್ನೂ ಓದದೆ ಕೇಳುವ ನಿಯಮವನ್ನು ನಾನು ಬಿಟ್ಟಿಲ್ಲ. ಆದರೆ ಎರಡನೆಯ ಸಲ, ಆ ಹಾಡು ಯಾರ ಬದುಕೋ ಅವರನ್ನು ಕೇಳುತ್ತೇನೆ. ಅಂದು ಅವಳು ತನ್ನ ಪಟ್ಟಿಯನ್ನೂ ಹೇಳಿದಳು. ಮೊದಲನೆಯದು ಇಬ್ಬರದೂ ಒಂದೇ. ಅವಳ ಎರಡನೆಯದು ಬಿಯಾನ್ಸೆಯ ತಂಗಿ ಸೊಲಾಂಜ್ ಹಾಡಿದ ‘ಕ್ರೇನ್ಸ್ ಇನ್ ದ ಸ್ಕೈ’. ರಫಾಯೆಲ್ ಸಾದಿಕ್ ಮಾಡಿಕೊಟ್ಟ ಸಂಗೀತವನ್ನು ಸೊಲಾಂಜ್ ಸುಮಾರು ಎಂಟು ವರ್ಷ ತನ್ನ ಹತ್ತಿರ ಇಟ್ಟುಕೊಂಡು ಆಮೇಲೆ ಹೊರತಂದ ಹಾಡು. ಸಂಜೆ ಕಾಫಿಗೆ ಕೂತಾಗ ಅದನ್ನೂ ಹಾಕಿದಳು. ಬೇಸ್ ಗಿಟಾರ್ ಅಷ್ಟು ಬಿಡುವು ಕೊಟ್ಟು ನಡೆಯುವ ಇನ್ನೊಂದು ಹಾಡು ಆ ವರ್ಷ ನಾನು ಕೇಳಿರಲಿಲ್ಲ. ರಿಹಾನಾಳ ಹಾಡಿನ ಕೆಳಗೆ ಜಾಗ ಮಾಡಿ ಅದನ್ನು ಬರೆದುಕೊಂಡೆ.