ಆಲಿಸುವವನ ಹೊಣೆ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ ಗೊಟಗೋಡಿ ಎಂಬ ಗ್ರಾಮವಿದೆ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ನೆಲೆ ಇದು. ನಾಡಿನ ಹಳ್ಳಿಗಳಲ್ಲಿ ಹಿಂದೆ ಸುದ್ದಿ ಮುಟ್ಟುತ್ತಿದ್ದುದು ಡಂಗುರದಿಂದ. ಸಾರುವವನು ಹಲಗೆ ಬಡಿದು ಕೂಗಿದರೆ ಊರಿಗೆ ಊರೇ ಕೇಳಬೇಕು. ಅವನ ದನಿಯನ್ನು ತಗ್ಗಿಸುವ ಅಧಿಕಾರ ಕೇಳುವವರಿಗೆ ಇರಲಿಲ್ಲ. ಆ ಅಧಿಕಾರವನ್ನು ತಂದುಕೊಟ್ಟದ್ದು ರೇಡಿಯೊ.

1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನೆಯ ರೇಡಿಯೊ ಬೇಡವೆನಿಸಿದಾಗ ಗುಂಡಿಯನ್ನು ಪೂರ್ತಿ ತಿರುಗಿಸಿ ಮೌನವಾಗಿಸಬಹುದು. ಅದರಿಂದ ಸಾಮಾನ್ಯವಾಗಿ ಯಾರಿಗೂ ಕೇಡಿಲ್ಲ. ಆದರೆ ಪೊಲೀಸ್ ವಾಹನದಲ್ಲಿ, ಅಗ್ನಿಶಾಮಕ ಬಂಡಿಯಲ್ಲಿ ಇರುವ ನಿಸ್ತಂತು ಯಂತ್ರದ ಧರ್ಮವೇ ಬೇರೆ. ಅದು ಮನರಂಜನೆಗಾಗಿ ನುಡಿಯುವುದಿಲ್ಲ, ಕರೆಯುವುದಕ್ಕಾಗಿ ನುಡಿಯುತ್ತದೆ.

ಈ ಯಂತ್ರಗಳು ಒಮ್ಮೆಗೇ ಈಗಿನ ರೂಪ ತಾಳಲಿಲ್ಲ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸ್ ಕಾರುಗಳು ಠಾಣೆಯ ಮಾತನ್ನು ಕೇಳಬಲ್ಲವಾಗಿದ್ದವು. ಮರುನುಡಿಯುವ ಸಾಧನ ಅವುಗಳಲ್ಲಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣದಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ ಒದಗುವ ಯಂತ್ರ ಬಂತು. 1940ರಲ್ಲಿ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗಾಗಿ ಡೇನಿಯಲ್ ನೋಬಲ್ ಎಂಬುವರು ಎಫ್. ಎಂ. ಪದ್ಧತಿಯ ವ್ಯವಸ್ಥೆಯನ್ನು ರೂಪಿಸಿದರು. ಭಾರತದಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಸೇನೆಗೆ ಬೇಕಾದ ಸಂಪರ್ಕ ಯಂತ್ರಗಳನ್ನು ತಯಾರಿಸಿತು.

ಯಂತ್ರದ ಮುಖದಲ್ಲಿರುವ ಗುಂಡಿ ಮಾಡುವ ಕೆಲಸವೇನು? ಅದು ಆಲಿಸುವವನ ಧ್ವನಿವರ್ಧಕದ ಸದ್ದನ್ನು ಮಾತ್ರ ಹೆಚ್ಚು ಕಡಿಮೆ ಮಾಡುತ್ತದೆ. ಅದನ್ನು ಎಷ್ಟು ತಿರುಗಿಸಿದರೂ ತನ್ನ ಮಾತು ಆಚೆಯವನಿಗೆ ಗಟ್ಟಿಯಾಗಿ ಕೇಳಿಸದು. ಮೈಕಿನಲ್ಲಿ ಅರಚಿದರೂ ಪ್ರಯೋಜನವಿಲ್ಲ. ಯಂತ್ರವು ಮಿತಿಮೀರಿದ ದನಿಯನ್ನು ಕತ್ತರಿಸುವುದರಿಂದ ಮಾತು ಒಡೆದು ಅಸ್ಪಷ್ಟವಾಗುತ್ತದೆ. ದೂರದ ಕ್ಷೀಣ ಸಂಕೇತವನ್ನು ಹಿಡಿಯುವಾಗ ಗುಂಡಿಯನ್ನು ಏರಿಸಿದರೆ ಮಾತಿನೊಡನೆ ಬುಸುಗುಟ್ಟುವ ಗದ್ದಲವೂ ಅಷ್ಟೇ ಏರುತ್ತದೆ.

ಗುಂಡಿಯ ರಚನೆಯೂ ಮನುಷ್ಯನ ಕಿವಿಯನ್ನು ಅರಿತು ಮಾಡಿದ್ದು. ಜಾತ್ರೆಯಲ್ಲಿ ಒಂದು ಡೊಳ್ಳಿನ ಜೊತೆಗೆ ಇನ್ನೊಂದು ಸೇರಿದರೆ ಸದ್ದು ಇಮ್ಮಡಿಯಾಯಿತೆಂದು ಕಿವಿ ಬಗೆಯುವುದಿಲ್ಲ. ಶಬ್ದದ ಶಕ್ತಿ ಎರಡು ಪಟ್ಟಾದರೂ ಏರಿಕೆ ಸುಮಾರು 3 ಡೆಸಿಬೆಲ್ ಮಾತ್ರ. ಸದ್ದು ಇಮ್ಮಡಿಯೆನಿಸಬೇಕಾದರೆ ಶಕ್ತಿ ಹೆಚ್ಚುಕಡಿಮೆ 10 ಪಟ್ಟಾಗಬೇಕು, ಎಂದರೆ ಹತ್ತು ಡೊಳ್ಳು ಕೂಡಬೇಕು. ಆದುದರಿಂದಲೇ ಗುಂಡಿಯು ಮೊದಲ ಭಾಗದಲ್ಲಿ ಶಕ್ತಿಯನ್ನು ಮೆಲ್ಲಮೆಲ್ಲನೆ, ಕೊನೆಯ ಭಾಗದಲ್ಲಿ ಬಹು ವೇಗವಾಗಿ ಏರಿಸುತ್ತದೆ. ಕಿವಿಗೆ ಮಾತ್ರ ಏರಿಕೆ ಸಮನಾಗಿ ತೋರುತ್ತದೆ.

ಇನ್ನು ಮೌನದ ವಿಚಾರ. ಸಂಕೇತವಿಲ್ಲದಾಗ ಗದ್ದಲ ಕೇಳಿಸದಂತೆ ಧ್ವನಿವರ್ಧಕವನ್ನು ತಾನಾಗಿ ಮುಚ್ಚುವ ಏರ್ಪಾಡು ಈ ಯಂತ್ರಗಳಲ್ಲಿದೆ. ಅದಕ್ಕೆ ‘ಸ್ಕ್ವೆಲ್ಚ್’ ಎಂದು ಹೆಸರು. ಇದರಿಂದ ಕಿವಿಗೆ ನೆಮ್ಮದಿ ದೊರೆಯಿತು. ಜೊತೆಗೆ ಒಂದು ಅಪಾಯವೂ ಹುಟ್ಟಿತು. ಕರೆ ಇಲ್ಲದಿರುವ ಮೌನಕ್ಕೂ, ಗುಂಡಿಯನ್ನು ತೀರ ಇಳಿಸಿದ ಮೌನಕ್ಕೂ ಕಿವಿಯಲ್ಲಿ ವ್ಯತ್ಯಾಸವಿಲ್ಲ. ಹೆದ್ದಾರಿಯಲ್ಲಿ ಅಪಘಾತ ಸಂಭವಿಸಿ ಠಾಣೆಯು ಗಸ್ತಿನ ವಾಹನವನ್ನು ಕೂಗಿ ಕರೆಯುತ್ತಿರಬಹುದು. ಇತ್ತ ವಾಹನದವರು ‘ಎಲ್ಲವೂ ಶಾಂತವಾಗಿದೆ’ ಎಂದು ನಂಬಿ ಕುಳಿತಿರಬಹುದು. ಗಾಯಾಳುವಿಗೆ ಆ ಕೆಲವು ನಿಮಿಷಗಳು ಪ್ರಾಣದ ಬೆಲೆಯವು.

ಇದನ್ನು ತಡೆಯಲೆಂದೇ ಅನೇಕ ಯಂತ್ರಗಳಲ್ಲಿ ಕನಿಷ್ಠ ಧ್ವನಿಯ ಮಿತಿಯೊಂದನ್ನು ಗೊತ್ತುಪಡಿಸಲು ಅವಕಾಶವಿದೆ. ಹಾಗೆ ಗೊತ್ತುಪಡಿಸಿದ ಬಳಿಕ ಗುಂಡಿಯನ್ನು ಕೊನೆಯವರೆಗೆ ಇಳಿಸಿದರೂ ಸಣ್ಣ ದನಿ ಉಳಿದೇ ಇರುತ್ತದೆ. ಯಂತ್ರ ಕೆಟ್ಟಿದೆಯೆಂದು ಹೊಸಬರು ಭಾವಿಸುವುದುಂಟು. ವಾಸ್ತವವಾಗಿ ಅದು ಕೆಡುಕಲ್ಲ, ಕಾವಲು. ಹೊರಗಿನ ಗದ್ದಲವನ್ನು ಅಳೆದು ತಾನೇ ದನಿಯನ್ನು ಏರಿಳಿಸುವ ಯಂತ್ರಗಳೂ ಈಗ ಬಂದಿವೆ.

ಆದರೂ ಯಂತ್ರ ಕಾಯುವುದು ಒಂದು ಮಿತಿಯವರೆಗೆ. ವಾಹನದ ಎಂಜಿನ್ ಮೊರೆಯುವಾಗ, ಜಾತ್ರೆಯ ಬಂದೋಬಸ್ತಿನಲ್ಲಿ ಡೊಳ್ಳು ಮೊಳಗುವಾಗ, ಆ ಕನಿಷ್ಠ ದನಿ ಕಿವಿಗೆ ಎಟುಕದು. ಅನುಭವಿಗಳು ಕೆಲಸಕ್ಕೆ ಹೊರಡುವ ಮುನ್ನ ಸ್ಕ್ವೆಲ್ಚನ್ನು ಕ್ಷಣಕಾಲ ತೆರೆದು, ಬರುವ ಬುಸುಗುಟ್ಟುವಿಕೆಯನ್ನು ಆಲಿಸಿ, ಅದಕ್ಕೆ ತಕ್ಕಂತೆ ಗುಂಡಿಯನ್ನು ಹೊಂದಿಸಿಕೊಳ್ಳುತ್ತಾರೆ. ಅನಂತರ ಠಾಣೆಯನ್ನು ಕರೆದು ಉತ್ತರ ಬಂದುದನ್ನು ಖಚಿತಪಡಿಸಿಕೊಳ್ಳುತ್ತಾರೆ. ಡಂಗುರದ ಕಾಲದಲ್ಲಿ ಸುದ್ದಿ ಮುಟ್ಟಿಸುವ ಹೊಣೆ ಬಹುಮಟ್ಟಿಗೆ ಸಾರುವವನದಾಗಿತ್ತು. ದನಿಯ ಗುಂಡಿ ಆಲಿಸುವವನ ಕೈಗೆ ಬಂದಂದಿನಿಂದ ಆ ಹೊಣೆಯಲ್ಲಿ ಅವನೂ ಪಾಲುದಾರನಾಗಿದ್ದಾನೆ.